ಗೌತಮಿ ಹುಟ್ಟಿದ ವಾರದ ಹಾಡುಗಳು

ಜೂನ್ ಒಂದರ ಬೆಳಿಗ್ಗೆ ಬಸವಪ್ರಸಾದ್ ಹಂಪಾಪುರದ ತನ್ನ ಮೊಬೈಲ್ ಅಂಗಡಿಯ ಷಟರ್ ಅರ್ಧ ಎತ್ತಿ, ಎದುರಿನ ಪಂಚಾಯ್ತಿ ಗ್ರಂಥಾಲಯದ ಕಡೆಗೇ ಕಣ್ಣು ನೆಟ್ಟು ನಿಂತಿದ್ದ. ಕೈಯಲ್ಲಿ ಒಂದು ಪೆನ್‌ಡ್ರೈವ್, ಒಂದು ಹಾಳೆ.

ಗ್ರಂಥಾಲಯ ನೋಡಿಕೊಳ್ಳುವ ಗೌತಮಿ ಹೋದ ತಿಂಗಳು ರೀಚಾರ್ಜ್‌ಗೆ ಬಂದವಳು ಸುಮ್ಮನೆ ಒಂದು ಮಾತು ಆಡಿದ್ದಳು. "ನಾನು ಹುಟ್ಟಿದ ವಾರ ಬೇರೆ ಬೇರೆ ದೇಶದೋರು ಯಾವ ಹಾಡು ಗುನುಗ್ತಿದ್ರೋ ಏನೋ! ಒಂದೊಂದು ದೇಶದ ನಂಬರ್ ಒನ್ ಹಾಡು ಕೇಳ್ಬೇಕು ಅಂತ ಆಸೆ ಕಣ್ರಿ."

ಹೇಳಿ, ಜಡೆಯನ್ನು ಹಿಂದಕ್ಕೆ ಎಸೆದು ಹೋಗಿಬಿಟ್ಟಳು. ಅವಳು ಮರೆತಳು, ಇವನು ಮರೆಯಲಿಲ್ಲ.

ಅವಳ ಹುಟ್ಟಿದ ತಾರೀಖನ್ನು ಸಿಮ್ ಕೊಡುವಾಗ ಆಧಾರ್ ಕಾರ್ಡಿನಲ್ಲಿ ನೋಡಿದ್ದ. ಹದಿನೈದು ದಿನ ಕೂತು ಹುಡುಕಿದ. ಇಂಗ್ಲೆಂಡ್, ಅಮೆರಿಕ ಸಲೀಸಾಗಿ ಸಿಕ್ಕವು. ಜಪಾನಿನ ಪಟ್ಟಿಯ ಒಂದಕ್ಷರವೂ ತಿಳಿಯದೆ ಫೋನಿನಿಂದಲೇ ಅನುವಾದ ಮಾಡಿಸಿದ. ಫಿನ್‌ಲ್ಯಾಂಡ್ ಅಂತೂ ಮೂರು ದಿನ ಸತಾಯಿಸಿತು. ಕೊನೆಗೆ ಏಳು ದೇಶ, ಏಳು ಹಾಡು. ರಿಪೇರಿಗೆ ಬಂದ ಫೋನುಗಳು ಮಾತ್ರ ಬಿದ್ದಲ್ಲೇ ಬಿದ್ದಿದ್ದವು.

ಅವಸರಕ್ಕೂ ಕಾರಣವಿತ್ತು. ಬರುವ ಭಾನುವಾರ ಗೌತಮಿಯನ್ನು ನೋಡಲು ಕೆ.ಆರ್. ನಗರದಿಂದ ಗಂಡಿನ ಕಡೆಯವರು ಬರುವವರಿದ್ದರು. ಅಷ್ಟರೊಳಗೆ ಮನಸ್ಸಿನಲ್ಲಿರುವುದನ್ನು ಹೇಳದಿದ್ದರೆ ಆಮೇಲೆ ಬಾಯಿದ್ದೂ ಪ್ರಯೋಜನವಿಲ್ಲ.

ಗೌತಮಿ ಬಸ್ಸಿಳಿದಳು. ಇವನು ರಸ್ತೆ ದಾಟಿದ.

"ಹ್ಯಾಪಿ ಬರ್ತ್‌ಡೇ ಮೇಡಂ."

ಅವನು ಕೊಟ್ಟ ಪೆನ್‌ಡ್ರೈವನ್ನು ಕೈಯಲ್ಲಿ ಹಿಡಿದು ಅವಳು ಹಾಳೆ ಓದಿದಳು. ಕಣ್ಣು ಅಗಲವಾಯಿತು. ಆಮೇಲೆ ನಕ್ಕಳು ನೋಡಿ, ಗ್ರಂಥಾಲಯದ ಜಗಲಿಯ ಮೇಲೆ ಕುಸಿದು ಕೂರುವಷ್ಟು ನಕ್ಕಳು.

"ಅಯ್ಯೋ, ಇದು ನಮ್ಮ ಮೇಷ್ಟ್ರು ಬರೆದ ತಾರೀಖು ಕಣ್ರಿ! ಅವ್ವಂಗೆ ಹಬ್ಬದ ಲೆಕ್ಕ ಗೊತ್ತಿತ್ತೇ ಹೊರತು ತಾರೀಖು ಗೊತ್ತಿರ್ಲಿಲ್ಲ. ಸ್ಕೂಲಿಗೆ ಸೇರ್ಸೋವಾಗ ಮೇಷ್ಟ್ರು ಜೂನ್ ಒಂದು ಅಂತ ಗೀಚ್ಕೊಂಡ್ರು. ನಮ್ಮ ಕ್ಲಾಸಲ್ಲಿ ಹತ್ತೊಂಬತ್ತು ಜನ ಇವತ್ತೇ ಹುಟ್ಟಿರೋದು!"

ಬಸವಪ್ರಸಾದನ ಮುಖ ಸಪ್ಪಗಾಯಿತು. "ನಂದೂ ಜೂನ್ ಒಂದೇ," ಎಂದ ಮೆಲ್ಲಗೆ. ತನ್ನ ತಾರೀಖು ಮೇಷ್ಟ್ರ ಕೈಬರಹವೆಂದು ಚೆನ್ನಾಗಿ ಗೊತ್ತಿತ್ತು. ಅವಳದು ಮಾತ್ರ ಸತ್ಯವೆಂದು ನಂಬಿದ್ದ. ಪ್ರೀತಿಯಲ್ಲಿ ಬಿದ್ದವನ ಬುದ್ಧಿ ಇಷ್ಟೇ.

ಅವಳ ನಗು ನಿಂತಿತು. ಹಾಳೆಯನ್ನು ಮತ್ತೆ ನೋಡಿದಳು. ಫಿನ್‌ಲ್ಯಾಂಡಿನ ಹಾಡಿನ ಹೆಸರನ್ನು ಮೂರು ಸಲ ಅಳಿಸಿ ಬರೆದಿದ್ದ. ಅಲ್ಲಿಂದ ಕಣ್ಣೆತ್ತಿ ಅವನನ್ನು ನೋಡಿದವಳು ಎಂದಿಗಿಂತ ಒಂದು ಗಳಿಗೆ ಜಾಸ್ತಿಯೇ ನೋಡಿದಳು.

"ಇಷ್ಟೆಲ್ಲ ನನಗೋಸ್ಕರ ಹುಡುಕಿದ್ರಾ?"

"ಹೂಂ. ಇನ್ನೊಂದು ಸಲ ಹುಡುಕ್ತೀನಿ ಬುಡಿ. ನಿಜವಾದ ದಿನ ಹೇಳಿ."

"ನಂಗೇ ಸರಿಯಾಗಿ ಗೊತ್ತಿಲ್ಲ. ಮನೆಗೆ ಬಂದು ಅವ್ವನ್ನೇ ಕೇಳಿ." ಬಾಗಿಲಿನ ಬೀಗ ತೆಗೆಯುತ್ತಾ, ತಿರುಗಿ ನೋಡದೆ ಸೇರಿಸಿದಳು, "ಭಾನುವಾರಕ್ಕಿಂತ ಮುಂಚೆ ಬನ್ನಿ."

ಪೆನ್‌ಡ್ರೈವನ್ನು ಅವಳು ವಾಪಸ್ ಕೊಡಲಿಲ್ಲ.

ಶುಕ್ರವಾರ ಸಂಜೆ ಅವನು ಹೋದ. ತಂದೆಯಿಲ್ಲದ ಆ ಮನೆಗೆ ತಾಯಿ ವೀರಮ್ಮನೇ ಯಜಮಾನಿ. ಜಗಲಿಯಲ್ಲಿ ಕೂತು ರಾಗಿ ಕೇರುತ್ತಿದ್ದಳು.

"ಅಮ್ಮ, ನಿಮ್ಮ ಮಗಳು ಹುಟ್ಟಿದ ದಿನ ಯಾವುದು ಅಂತ ಕೇಳೋಕೆ ಬಂದೆ."

ಮೊರ ನಿಂತಿತು.

"ಹೆಣ್ಣು ಹುಟ್ಟಿದ ದಿನ ಕೇಳ್ಕಂಡು ಮನೆಗೆ ಬರೋರು ಜಾತಕ ಕೂಡ್ಸೋರು ಕಣಪ್ಪ. ನಿಂಗ್ಯಾಕೆ ಅದು?"

ಒಳಗೆ ಪಾತ್ರೆ ತೊಳೆಯುತ್ತಿದ್ದ ಗೌತಮಿಯ ಬಳೆಗಳ ಸದ್ದೂ ನಿಂತಿತು. ಆಗ ಅವನಿಗೆ ಅರ್ಥವಾಯಿತು. ಅವನನ್ನು ಇಲ್ಲಿಗೆ ಕಳಿಸಿದವಳಿಗೆ ಈ ಪ್ರಶ್ನೆ ಬರುತ್ತದೆಂದು ಮೊದಲೇ ಗೊತ್ತಿತ್ತು. ಹಾಡಿಗೆ ಎಂದುಬಿಟ್ಟರೆ ಸುಳ್ಳಾಗುತ್ತಿರಲಿಲ್ಲ, ಮರ್ಯಾದೆಯೂ ಉಳಿಯುತ್ತಿತ್ತು. ಆದರೆ ಭಾನುವಾರ ಬಂದೇ ಬರುತ್ತಿತ್ತು.

"ಹಾಡು ಹುಡುಕೋಕೆ ಬೇಕಿತ್ತು ಅಮ್ಮ," ಎಂದ. "ಆದ್ರೆ... ನೀವು ಹೇಳಿದ್ರಲ್ಲ, ಅದಕ್ಕೂ ಬೇಕು. ನಂಗೆ ಗೌತಮಿಯೋರು ಅಂದ್ರೆ ತುಂಬ ಇಷ್ಟ."

ವೀರಮ್ಮ ಅವನನ್ನು ಅಡಿಯಿಂದ ಮುಡಿವರೆಗೆ ನೋಡಿದಳು. ಆಮೇಲೆ ಒಳಗಡೆ ಮುಖ ಮಾಡಿ ಕೂಗಿದಳು, "ಏನವ್ವಾ, ಇವ್ರಿಗೆ ಹೇಳ್ಲಾ, ಬ್ಯಾಡ್ವಾ?"

ಬಸವಪ್ರಸಾದ್ ಬಾಗಿಲ ಕಡೆ ತಿರುಗಿದ.

"ಹೇಳವ್ವ," ಎಂದಳು ಗೌತಮಿ ಒಳಗಿನಿಂದಲೇ.

ವೀರಮ್ಮ ಮೊರ ಪಕ್ಕಕ್ಕಿಟ್ಟಳು. "ಹೊಗೆಸೊಪ್ಪು ಬೇಯ್ಸೋಕೆ ನಾವು ಬ್ಯಾರನ್ ಕಟ್ಟಿದ ವರ್ಷ ಕಣಪ್ಪ. ಅಗಾ, ಅದರ ಗೋಡೆ ಮೇಲೇ ಇಸ್ವಿ ಬರ್ಸೈತೆ, ನೋಡ್ಕೊ. ಗೌರಿ ಹಬ್ಬ ಆಗಿ ಮೂರನೇ ದಿನ."

ಅವನು ಫೋನಿನಲ್ಲಿ ಬರೆದುಕೊಂಡ.

"ಬೆಳಿಗ್ಗೆ ಆರೂವರೆ. ಸೂಲಗಿತ್ತಿ ಮಲ್ಲಾಜಮ್ಮ ಗಡಿಯಾರ ನೋಡಿ ಹೇಳಿದ್ಲು. ಅದ್ನೂ ಬರ್ಕೊ."

"ಹಾಡು ಹುಡುಕೋಕೆ ಟೈಮು ಬೇಡ ಅಮ್ಮ."

"ಹಾಡಿಗೆ ಬ್ಯಾಡ. ಜಾತಕಕ್ಕೆ ಬೇಕು," ಎಂದಳು ವೀರಮ್ಮ. "ಬರೋದು ಬ್ಯಾಡ ಅಂತ ಕೆ.ಆರ್. ನಗರದೋರಿಗೆ ನಾನೇ ಫೋನ್ ಮಾಡ್ತೀನಿ ಬುಡು."

ಅವನು ಆರೂವರೆ ಎಂದೂ ಒತ್ತತೊಡಗಿದ. ಅಷ್ಟರಲ್ಲಿ ಗೌತಮಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದು, ಅವನ ಕೈಯಿಂದ ಫೋನ್ ತೆಗೆದುಕೊಂಡಳು.

"ಕೊಡಿ ಇಲ್ಲಿ. ಈ ಸಲ ಫಿನ್‌ಲ್ಯಾಂಡ್ ನಾನು ಹುಡುಕ್ತೀನಿ."