ಕರಿ ಉಣ್ಣೆ ಎಲ್ಲಿ ಹೋಯಿತು?

ಬುಟ್ಟಿಯ ಮುಚ್ಚಳ ತೆಗೆದ ಶಿವಾನಿಯ ಕೈ ಅಲ್ಲೇ ನಿಂತಿತು. ಬೂದುಬಣ್ಣದ ದಪ್ಪ ನೂಲು ಇರಬೇಕಾದ ಕಡೆ ಬಿಳಿಚಿಕೊಂಡ, ಸೊರಗಿದ ಲಡಿಗಳು ಬಿದ್ದಿದ್ದವು. ಒಂದನ್ನು ಎತ್ತಿದಳು. ಹಗುರ. ಉಣ್ಣೆಯ ಸುಳಿವೇ ಇಲ್ಲ—ಬರೀ ನಾರು. ಅದರ ಕೆಳಗಿನದನ್ನು ಎಳೆದಳು. ಅದೂ ಹಾಗೆಯೇ. ಬುಟ್ಟಿಯ ತಳದ ತನಕ ಹಾಗೆಯೇ.

ದಟ್ಟಗಳ್ಳಿಯ ಆ ಮನೆಯ ಕೆಳಗಿನ ಭಾಗವನ್ನು ಬಾಡಿಗೆಗೆ ಹಿಡಿದು ಅವಳು ನೂಲುವ ಕೆಲಸ ನಡೆಸುತ್ತಿದ್ದಳು. ಅಪ್ಸೆಣಬು ಗಿಡದ ತೊಗಟೆಯಿಂದ ಬಿಡಿಸಿದ ನಾರಿಗೆ ಕರಿ ಕುರಿಯ ಉಣ್ಣೆ ಬೆರೆಸಿ, ಹಿಂಜಿ, ಎರಡನ್ನೂ ಒಂದೇ ಎಳೆಯಾಗಿ ನೂಲಬೇಕು. ನಾರಿನಿಂದ ಬಲ, ಉಣ್ಣೆಯಿಂದ ಬಿಸುಪು. ಗೋಕುಲಂನ ಅಂಗಡಿಯೊಂದು ಶಾಲು ನೇಯಿಸಲೆಂದು ಮೊದಲ ಸಲ ಈ ನೂಲು ಕೇಳಿತ್ತು. ಅಂಗಡಿಯವರು ಅವತ್ತೇ ಮಧ್ಯಾಹ್ನ ನೋಡಲು ಬರುವವರಿದ್ದರು.

ನೂತವರು ಪುಟ್ಟತಾಯಮ್ಮ. ಈ ಕೆಲಸ ಶುರುವಾದಾಗಿನಿಂದ ಶಿವಾನಿಯ ಜೊತೆಗಿದ್ದವರು. ಕಳೆದ ವಾರವಿಡೀ ಶಿವಾನಿ ಊರಲ್ಲಿರಲಿಲ್ಲ. ಹಾಗಾಗಿ ಈ ಲಡಿಗಳು ಮೊದಲು ಹೇಗಿದ್ದವು ಎಂಬುದನ್ನು ಅವಳು ನೋಡಿಯೇ ಇರಲಿಲ್ಲ.

ಮಾರಾಟ ನೋಡಿಕೊಳ್ಳುತ್ತಿದ್ದ ಅವಳ ಅಣ್ಣ ಶಿವಕುಮಾರ್‌ಗೆ ಅನುಮಾನವೇ ಇರಲಿಲ್ಲ.

"ತಲೆ ಕೆಡಿಸ್ಕೊಳ್ಳೋಕೆ ಏನಿದೆ? ಆಯಮ್ಮ ಉಣ್ಣೆ ಹಾಕೇ ಇಲ್ಲ. ಮಗನ ಆಟೋದಲ್ಲಿ ಸಾಗಿಸ್ಬುಟ್ಟಿದಾರೆ."

ಪುಟ್ಟತಾಯಮ್ಮನ ಮಗ ಸುನಿಲ್ ಗೂಡ್ಸ್ ಆಟೋ ಓಡಿಸುತ್ತಿದ್ದ. ಉಣ್ಣೆಯ ಮೂಟೆಗಳನ್ನು ತಂದು ಇಳಿಸುತ್ತಿದ್ದವನೂ ಅವನೇ. ಪೊಲೀಸರಿಗೆ ದೂರು ಕೊಟ್ಟರೆ ಅರ್ಧ ಗಂಟೆಯಲ್ಲಿ ಬಾಯಿ ಬಿಡುತ್ತಾರೆ ಎಂದು ಶಿವಕುಮಾರ್ ಫೋನ್ ಕೈಗೆತ್ತಿಕೊಂಡ. ತುಸು ತಡೆ ಎಂದು ಶಿವಾನಿ ಬೇಡಿಕೊಂಡಳು.

ಪುಟ್ಟತಾಯಮ್ಮ ಕೂಗಾಡಲಿಲ್ಲ. ಚರಕದ ಪಕ್ಕದ ಗೋಡೆಗೆ ಒರಗಿ ಕುಳಿತರು. "ಶನಿವಾರ ನಾನು ಇಟ್ಟಾಗ ಬೂದಿ ಬಣ್ಣಕ್ಕೇ ಇದ್ವು ಕಣಮ್ಮ," ಎಂದಷ್ಟೇ ಹೇಳಿದರು.

ಶಿವಾನಿ ಇಬ್ಬರನ್ನೂ ನೋಡಿದಳು. ಯಾರ ಮಾತು ನಂಬುವುದು? ನಂಬದಿದ್ದರೆ ಕಳೆದುಕೊಳ್ಳುವುದು ಯಾರನ್ನು? ಅಂಗಡಿಯವರಿಗೆ ಏನೆಂದು ಹೇಳುವುದು? ಅವಳು ಮೆಟ್ಟಿಲು ಹತ್ತಿ ಮಹಡಿಯ ಮೇಲಿದ್ದ ಮನೆಯೊಡತಿ ನೀಲಮ್ಮನವರ ಬಾಗಿಲು ತಟ್ಟಿದಳು. ಅಪರಾಧ ಪ್ರಕರಣಗಳ ಬಟ್ಟೆ, ಕೂದಲು, ನೂಲುಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸುವ ಕೆಲಸದಲ್ಲಿದ್ದು ನಿವೃತ್ತರಾಗಿದ್ದವರು ಅವರು.

ನೀಲಮ್ಮ ಕನ್ನಡಕ ಏರಿಸಿಕೊಂಡು ಕೆಳಗೆ ಬಂದರು. ಒಂದು ಎಳೆ ಹಿಡಿದು ಮೆಲ್ಲಗೆ ಎಳೆದರು. ಅದು ತುಂಡಾಗಲಿಲ್ಲ—ನಾರುಗಳು ಜಾರಿ ಬಿಡಿಬಿಡಿಯಾದವು. ಇನ್ನೊಂದನ್ನೂ ಎಳೆದು ನೋಡಿದರು. ಆಮೇಲೆ ಲಡಿಗಳ ಕಟ್ಟುಗಳನ್ನು ಬೆರಳಿಂದ ಸವರಿದರು.

"ಶನಿವಾರದಿಂದ ಈ ಬುಟ್ಟಿ ಯಾರು ಮುಟ್ಟಿದ್ರು?"

"ಯಾರೂ ಇಲ್ಲ," ಎಂದ ಶಿವಕುಮಾರ್. "ಬೀಗ ಹಾಕಿತ್ತು. ನಾನೂ ಒಳಗೆ ಬಂದಿಲ್ಲ."

"ಬೀಗದ ಕೈ?"

"ನನ್ನ ಹತ್ರಾನೇ ಇತ್ತು."

"ಪುಟ್ಟತಾಯಮ್ಮ, ಲಡಿಗೆ ಕಟ್ಟು ಯಾತರಲ್ಲಿ ಹಾಕ್ತೀರಿ?"

"ಮಿಕ್ಕಿರೋ ಕರಿ ಉಣ್ಣೇನೇ ಹುರಿ ಮಾಡಿ ಕಟ್ಟೋದು. ಯಾವಾಗ್ಲೂ ಅಂಗೇ."

ನೀಲಮ್ಮ ಮತ್ತೇನೂ ಕೇಳಲಿಲ್ಲ. ಮೇಲೆ ಹೋಗಿ ಬಟ್ಟೆ ಬಿಳುಪು ಮಾಡುವ ಬ್ಲೀಚಿನ ಬಾಟಲಿ ಮತ್ತು ಒಂದು ಗಾಜಿನ ಲೋಟ ತಂದರು. ಮಿಕ್ಕಿದ್ದ ಕರಿ ಉಣ್ಣೆಯಲ್ಲಿ ಒಂದು ಚಿಟಿಕೆ, ಒಂದು ಚಿಟಿಕೆ ನಾರು—ಎರಡನ್ನೂ ಲೋಟಕ್ಕೆ ಹಾಕಿ ಬ್ಲೀಚ್ ಸುರಿದರು. ಘಾಟಿಗೆ ಎಲ್ಲರ ಕಣ್ಣು ಉರಿಯಿತು. ಅಷ್ಟರಲ್ಲಿ ಅಂಗಡಿಯವರ ಫೋನ್ ಬಂತು. ಹೊರಟಿದ್ದೇವೆ, ದಾರಿಯಲ್ಲಿದ್ದೇವೆ ಎಂದರು. ಶಿವಾನಿ ಫೋನ್ ಕೆಳಗಿಟ್ಟು ಲೋಟದ ಹತ್ತಿರ ಬಂದಳು.

ಲೋಟದಲ್ಲಿ ಗುಳ್ಳೆಗಳು ಎದ್ದವು. ಕರಿ ಉಣ್ಣೆ ಕೆಂಚಾಯಿತು, ಹಳದಿಯಾಯಿತು, ತೆಳ್ಳಗಾಯಿತು. ನೋಡನೋಡುತ್ತಲೇ ಇಲ್ಲವಾಯಿತು. ನಾರು ಮಾತ್ರ ಮೊದಲಿಗಿಂತ ಬೆಳ್ಳಗೆ ಉಳಿದಿತ್ತು.

"ಉಣ್ಣೆ ಅಂದ್ರೆ ಕೂದಲಿದ್ದ ಹಾಗೆ. ಇದರಲ್ಲಿ ಕರಗಿಹೋಗುತ್ತೆ," ಎಂದರು ನೀಲಮ್ಮ. "ಗಿಡದ ನಾರು ಕರಗಲ್ಲ."

ಶಿವಾನಿ ಲಡಿಯನ್ನೂ ಲೋಟವನ್ನೂ ನೋಡಿದಳು. "ಹಾಗಾದ್ರೆ ಇದರಲ್ಲಿ—"

"ಉಣ್ಣೆ ಇತ್ತು. ಹಾಕದೇ ನೂತಿದ್ರೆ ಬರೀ ನಾರು ಬಿಗಿಯಾಗಿ ಹುರಿಗೊಂಡು ಹಗ್ಗದ ಥರ ಇರ್ತಿತ್ತು. ಇಷ್ಟು ಸಡಿಲ ಎಳೆ ಚರಕದ ಮೇಲೆ ನಿಲ್ಲೋದೇ ಇಲ್ಲ, ಕಿತ್ತು ಬರುತ್ತೆ. ನೂತು ಮುಗಿದ ಮೇಲೆ ಒಳಗಿನ ಉಣ್ಣೆ ಹೋಗಿದೆ."

ಪುಟ್ಟತಾಯಮ್ಮ ಮೊದಲ ಸಲ ತಲೆ ಎತ್ತಿದರು.

"ಇನ್ನೊಂದು ಎಲ್ಲರ ಕಣ್ಣೆದುರೇ ಇದೆ, ಯಾರೂ ಗಮನಿಸಲಿಲ್ಲ." ನೀಲಮ್ಮ ಲಡಿಯ ಕಟ್ಟು ತೋರಿಸಿದರು. "ಕರಿ ಉಣ್ಣೆಯ ಕಟ್ಟು ಒಂದೂ ಇಲ್ಲ. ನೂಲಿನ ಜೊತೆ ಅವೂ ಕರಗಿವೆ. ಕಟ್ಟು ಹೋದ ಲಡಿಗಳು ಬಿಚ್ಚಿ ಸಿಕ್ಕುಸಿಕ್ಕಾಗಿರ್ತವೆ. ಯಾರೋ ಕೂತು ಬಿಡಿಸಿ, ಒಣಗಿಸಿ, ಬಿಳಿ ದಾರದಲ್ಲಿ ಮತ್ತೆ ಕಟ್ಟಿದಾರೆ. ಬೀಗ ಹಾಕಿದ್ದ ಕೋಣೆ. ಬೀಗದ ಕೈ ಒಬ್ಬನ ಹತ್ರ. ಈ ದಾರ ಪಾರ್ಸೆಲ್ ಕಟ್ಟೋದಲ್ವೇನಪ್ಪ, ಶಿವಕುಮಾರ್?"

ಅವನು ಬಾಗಿಲ ಕಡೆ ನೋಡುತ್ತಿದ್ದ.

"ಲೋಟದಲ್ಲಿ ಏನಾಗುತ್ತೋ ಅಂತ ಎಲ್ಲರೂ ಬಗ್ಗಿ ನೋಡ್ತಿದ್ರು. ನೀನು ನೋಡಲೇ ಇಲ್ಲ. ನಿನಗೆ ಗೊತ್ತಿತ್ತು."

ಶಿವಕುಮಾರ್ ಬಾಯಿಬಿಟ್ಟ. ಬಣ್ಣ ಇನ್ನಷ್ಟು ತಿಳಿಯಾಗಿದ್ದರೆ ಚೆನ್ನಾಗಿರುತ್ತಿತ್ತು ಎಂದು ಅಂಗಡಿಯವರು ಫೋನಿನಲ್ಲಿ ಅಂದಿದ್ದರಂತೆ. ಅದಕ್ಕೇನಂತೆ, ಮಾಡಿಕೊಡುತ್ತೇನೆ ಎಂದು ಇವನು ಒಪ್ಪಿಕೊಂಡಿದ್ದ. ಪುಟ್ಟತಾಯಮ್ಮನನ್ನೂ ಕೇಳದೆ ಭಾನುವಾರ ತಾನೇ ಲಡಿಗಳನ್ನು ಟಬ್ಬಿನಲ್ಲಿ ಬ್ಲೀಚ್ ಸುರಿದು ನೆನೆಹಾಕಿ ಊಟಕ್ಕೆ ಹೋಗಿದ್ದ. ಬಂದು ನೋಡಿದರೆ ಆದದ್ದು ಆಗಿಹೋಗಿತ್ತು.

"ಅದು ತಿಳೀದೆ ಮಾಡಿದ್ದು, ಬಿಡು," ಎಂದಳು ಶಿವಾನಿ. ಅವಳ ದನಿ ಅವಳಿಗೇ ಅಪರಿಚಿತವಾಗಿ ಕೇಳಿಸಿತು. "ಬೆಳಿಗ್ಗೆಯಿಂದ ಅವರ ಹೆಸರು ಹೇಳ್ತಿದ್ಯಲ್ಲ ಅಣ್ಣ, ಅದು?"

ಶಿವಕುಮಾರ್ ಕೈಯಲ್ಲಿದ್ದ ಫೋನನ್ನು ಜೇಬಿಗೆ ಹಾಕಿಕೊಂಡ.

ಪುಟ್ಟತಾಯಮ್ಮ ಎದ್ದು ಸೀರೆಯ ಧೂಳು ಕೊಡವಿಕೊಂಡರು. ಯಾರ ಮುಖವನ್ನೂ ನೋಡದೆ ಹೊರಗೆ ನಡೆದರು. ಶಿವಾನಿ ಗೇಟಿನ ತನಕ ಹಿಂದೆ ಹೋಗಿ ನಿಂತಳು. ಅಂಗಡಿಯವರು ಬಂದಾಗ ಅಣ್ಣನನ್ನು ಎದುರು ಕೂರಿಸಿಕೊಂಡು ನಡೆದದ್ದೆಲ್ಲ ಹೇಳಿದಳು. ಅವರು ಬೇಸರದಿಂದಲೇ ಮತ್ತೊಂದು ಅವಕಾಶ ಕೊಟ್ಟರು. ಅಂದು ಸಂಜೆ ಶಿವಕುಮಾರ್ ತಪ್ಪೊಪ್ಪಿಕೊಳ್ಳಲು ಒಬ್ಬನೇ ಪುಟ್ಟತಾಯಮ್ಮನ ಮನೆಗೆ ಹೋಗಿ ಬಂದ.

ವಾರ ಕಳೆಯಿತು. ಚರಕ ಸುಮ್ಮನೆ ನಿಂತಿತ್ತು. ಬೇರೆಯವರನ್ನು ಹುಡುಕು ಎಂದು ಎಲ್ಲರೂ ಹೇಳಿದರು. ಶಿವಾನಿ ಹುಡುಕಲಿಲ್ಲ. ಗೇಟಿನ ಸದ್ದಾದಾಗಲೆಲ್ಲ ಎದ್ದು ನೋಡುತ್ತಿದ್ದಳು.

ಸೋಮವಾರ ಬೆಳಿಗ್ಗೆ ಪುಟ್ಟತಾಯಮ್ಮ ಬಂದರು. ಚಪ್ಪಲಿ ಬಿಟ್ಟರು, ಒಳಗೆ ಬರಲಿಲ್ಲ. ಹೊಸ್ತಿಲ ಆಚೆಯೇ ನಿಂತು ಕೈ ಚಾಚಿದರು.

"ಇನ್ಮೇಲೆ ಬೀಗದ ಕೈ ನನ್ನ ಹತ್ರ ಇರ್ಲಿ ಕಣಮ್ಮ."

ಅಣ್ಣನ ಗೊಂಚಲಿನಿಂದ ಅದನ್ನು ಬಿಡಿಸಿ ತಂದು ಶಿವಾನಿ ಅವರ ಅಂಗೈಯಲ್ಲಿಟ್ಟಳು. ಪುಟ್ಟತಾಯಮ್ಮ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಒಳಗೆ ಬಂದರು.