ಟ್ಯಾಂಕಿನ ನೀರು ಕುಡಿದವರು ಯಾರು?

ಸಾವಿರ ಲೀಟರ್ ನೀರು ಎರಡೇ ಗಂಟೆಯಲ್ಲಿ ಮಂಗಮಾಯ!

ಬೆಳಿಗ್ಗೆ ಆರಕ್ಕೆ ಹೊಸ ಮನೆಯ ಮೋಟಾರು ಹಾಕಿ ಸುಧಾಕರನ್ ಟ್ಯಾಂಕು ತುಂಬಿಸಿದ್ದ. ಎಂಟಕ್ಕೆ ಕಾಲು ತೊಳೆಯಲು ನಲ್ಲಿ ತಿರುಗಿಸಿದರೆ ಬುಸ್ಸೆಂದು ಬರೀ ಗಾಳಿ ಬಂತು. ಬುಧವಾರದಿಂದ ಇದು ಮೂರನೇ ಸಲ. ಭಾನುವಾರ ಗೃಹಪ್ರವೇಶ, ಇನ್ನೂರು ಜನರ ಊಟ ಬೇರೆ. ಅವನು ಸೀದಾ ಪೊಲೀಸ್ ಠಾಣೆಗೆ ಹೋದ.

"ಕಳ್ಳ ಪಕ್ಕದ ಮನೇಲೇ ಇದ್ದಾನೆ ಮೇಡಂ. ನನ್ನ ಸ್ವಂತ ಅಣ್ಣ ದಿವಾಕರನ್! ಜಾಗ ಪಾಲಾದಾಗಿಂದ ನಮಗೆ ಮಾತಿಲ್ಲ. ಸಂಜೆಯೊಳಗೆ ಅವನನ್ನ ಒಳಗೆ ಹಾಕಿ."

ಎ.ಎಸ್.ಐ. ಓಮನಾಗೆ ನಗು ಬಂತು. ನೀರು ಕದ್ದವನಿಗೆ ಯಾವ ಬೇಡಿ ಹಾಕುವುದು? ಆದರೆ ಅವನ ಮುಖ ನೋಡಿ ನಗು ನುಂಗಿಕೊಂಡಳು. ಒಡಹುಟ್ಟಿದವನನ್ನು ಜೈಲಿಗೆ ಕಳಿಸಲು ಹೊರಟವನ ಕಣ್ಣಲ್ಲಿ ನೀರಿತ್ತು.

* * *

ಓಮನಾ ಹೊಸ ಮನೆಗೆ ಬಂದು ಎಲ್ಲ ಪರೀಕ್ಷಿಸಿದಳು. ಟ್ಯಾಂಕಿನಲ್ಲಿ ಬಿರುಕಿಲ್ಲ. ಗೋಡೆಯಲ್ಲಿ ತೇವವಿಲ್ಲ. ನಲ್ಲಿಗಳೆಲ್ಲ ಭದ್ರ. ಅಣ್ಣನ ಬೇಲಿಯ ಕಡೆ ಅಗೆಸಿದಾಗ ಒಂದು ಪೈಪು ಸಿಕ್ಕಿತು. ಸುಧಾಕರನ್ "ನೋಡಿದ್ರಾ!" ಎಂದು ಕುಣಿದ. ಅದು ಬಚ್ಚಲು ನೀರು ಬಾಳೆಗಿಡಕ್ಕೆ ಹೋಗುವ ಪೈಪು.

ಹಾಲು ಮಾರುವ ಚಂದ್ರಿಕಾ ಬೇಲಿಯಾಚೆಯಿಂದ ಬಾಯಿ ಹಾಕಿದಳು. "ಬುಧವಾರ ಬೆಳಗಿನ ಜಾವ ದಿವಾಕರಣ್ಣ ಈ ಬಾವಿಗೆ ಬಗ್ಗಿ ನಿಂತಿದ್ದ ಮೇಡಂ. ನನ್ನ ನೋಡಿದ್ದೇ ತಡ, ಹೊರಟೇ ಹೋದ."

ಬುಧವಾರ! ನೀರು ಮಾಯವಾಗತೊಡಗಿದ್ದೂ ಅಂದೇ.

ಓಮನಾ ಪಕ್ಕದ ಮನೆಗೆ ಹೋದಳು. ಅಂಗಳದ ನೆಲ್ಲಿಮರದ ದಪ್ಪ ಕೊಂಬೆಯೊಂದನ್ನು ಈಚೆಗಷ್ಟೇ ಕೊಯ್ದಿದ್ದರು. ಕೆಳಗೆ ತೊಗಟೆ, ಉಳಿಯಿಂದ ಹೆರೆದ ಚಕ್ಕೆ ಬಿದ್ದಿದ್ದವು. ದಿವಾಕರನ್ ಕಂಬಕ್ಕೊರಗಿ ಕೂತಿದ್ದ.

"ಬುಧವಾರ ತಮ್ಮನ ಬಾವಿ ಹತ್ರ ನಿಮಗೇನು ಕೆಲಸ?"

"ಏನಿಲ್ಲ."

"ಕೊಂಬೆ ಯಾಕೆ ಕೊಯ್ದಿರಿ?"

"ಮರ ನಂದು."

"ಬಾಯಿ ಬಿಡದಿದ್ರೆ ಠಾಣೆಗೆ ಬರಬೇಕಾಗುತ್ತೆ ಯಜಮಾನ್ರೇ."

"ಬರ್ತೀನಿ. ನಡೀರಿ." ಅವನು ಎದ್ದೇಬಿಟ್ಟ.

ಓಮನಾ ತಬ್ಬಿಬ್ಬಾದಳು. ತಪ್ಪು ಮಾಡಿದವನು ಹೀಗೆ ಹೊರಡುತ್ತಾನೆಯೇ? ಮಾಡದವನಾದರೂ ಯಾಕೆ ಹೊರಡಬೇಕು? ಅವನನ್ನು ಅಲ್ಲೇ ಕೂರಿಸಿ ಹಿಂದಿರುಗಿದಳು.

* * *

ಮತ್ತೆ ಟ್ಯಾಂಕು ತುಂಬಿಸಿದರು. ಬಾವಿ ಶುಚಿಮಾಡಲು ಬಳಸುವ ನೇರಳೆ ಪುಡಿಯನ್ನು ಓಮನಾ ಟ್ಯಾಂಕಿಗೆ ಸುರಿದಳು. ನೀರು ಎಲ್ಲಿಗೆ ಹೋದರೂ ಬಣ್ಣ ಹೇಳುತ್ತದೆ.

ಎರಡು ಗಂಟೆಯಲ್ಲಿ ಟ್ಯಾಂಕು ಬರಿದು. ದಿವಾಕರನ್ ಮನೆಯ ಕೊಡ, ಹಂಡೆ, ನಲ್ಲಿ ಎಲ್ಲ ನೋಡಿಯಾಯಿತು. ನೀರು ತಿಳಿಯಾಗಿಯೇ ಇತ್ತು.

"ಅಯ್ಯೋ ದೇವರೇ, ಹಾಗಾದ್ರೆ ಎಲ್ಲಿ ಹೋಯ್ತು?" ಓಮನಾ ತಲೆ ಕೆರೆದುಕೊಂಡಳು. ಬಾಯಾರಿತ್ತು. ಸುಧಾಕರನ ಬಾವಿಗೆ ಕೊಡ ಇಳಿಸಿ ಮೇಲೆಳೆದಳು.

ಕೊಡದ ತುಂಬ ಗುಲಾಬಿ ನೀರು!

ಅವಳು ಓಡಿಹೋಗಿ ಮೋಟಾರಿನ ಪೈಪಿಗೆ ಕಿವಿಯಿಟ್ಟಳು. ಮೋಟಾರು ನಿಂತಿದ್ದರೂ ಒಳಗೆ ಉಳಿದ ಹನಿಗಳು ಗುಳುಗುಳು ಎಂದು ಕೆಳಗಿಳಿಯುತ್ತಿದ್ದವು. ಪ್ಲಂಬರ್ ಶಿಜುವನ್ನು ಕರೆಸಿ ಬಾವಿಗಿಳಿಸಿದಳು.

* * *

"ಕಳ್ಳ ನಿಮ್ಮ ಬಾವಿನೇ," ಎಂದಳು ಓಮನಾ, ಬಾವಿಯೊಳಗೆ ಸಿಕ್ಕ ಒಂದೆಳೆ ನಾರನ್ನು ಎತ್ತಿ ತೋರಿಸುತ್ತ. ಅಣ್ಣ ತಮ್ಮ ಇಬ್ಬರೂ ಬಾವಿಕಟ್ಟೆಯ ಹತ್ತಿರ ನಿಂತಿದ್ದರು. "ಪೈಪಿನ ಬುಡದಲ್ಲಿ ಫುಟ್‌ವಾಲ್ವ್ ಇರುತ್ತೆ. ಮೇಲೆ ಹೋದ ನೀರನ್ನ ಅದು ವಾಪಸ್ ಬಿಡಲ್ಲ. ಅದರ ಮುಚ್ಚಳಕ್ಕೆ ಈ ನಾರು ಸಿಕ್ಕಿಕೊಂಡಿತ್ತು. ಮುಚ್ಚಳ ಕೂರಲಿಲ್ಲ. ಟ್ಯಾಂಕಿಗೆ ಪೈಪು ತಳದಿಂದ ಕೊಟ್ಟಿರೋದು ಯಾಕೆ?"

"ಮೇಲಿಂದ ಬಿದ್ರೆ ಸದ್ದಾಗುತ್ತೆ ಅಂತ ನಾನೇ ಹೇಳಿದ್ದೆ," ಎಂದ ಸುಧಾಕರನ್.

"ಅದಕ್ಕೇ ಪೂರ್ತಿ ಟ್ಯಾಂಕು ಹಿಂದಕ್ಕಿಳೀತು. ಇನ್ನು ಈ ನಾರು. ಇದು ನೆಲ್ಲಿಯ ತೊಗಟೆ. ಬಾವಿ ತಳದಲ್ಲಿ ನೆಲ್ಲಿ ಹಲಗೆ ಇದೆ ಅಂತಾನೆ ಶಿಜು. ಹೊಸ ಬಾವಿ ನೀರು ಸಿಹಿಯಾಗ್ಲಿ ಅಂತ ಮನೆಯ ಹಿರಿಯರು ನೆಲ್ಲಿ ಹಲಗೆ ಇಳಿಸೋದು ನಿಮ್ಮ ಕಡೆ ರೂಢಿ ತಾನೆ? ಒಂದು ಬದಿ ತೊಗಟೆ ಹೆರೆಯದೆ ಬಿಟ್ಟಿದ್ರಿ ಯಜಮಾನ್ರೇ. ಅವಸರವಾಗಿತ್ತು ಅಲ್ವಾ?"

ದಿವಾಕರನ್ ನೆಲ ನೋಡಿದ. "ಅಪ್ಪ ಇದ್ದಿದ್ರೆ ಅವರು ಇಳಿಸೋರು. ಈಗ ನಾನು ತಾನೆ?"

"ಮೊದಲೇ ಹೇಳೋದಕ್ಕೇನಾಗಿತ್ತು?"

"ಏನಂತ ಹೇಳಲಿ? ಕರೆಯದ ಮನೆಗೆ ಹೋಗಿದ್ದೆ ಅಂತಲಾ? ಅದಕ್ಕಿಂತ ಕಳ್ಳ ಅನ್ನಿಸಿಕೊಳ್ಳೋದೇ ವಾಸಿ."

ಸುಧಾಕರನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಬಾವಿಯೊಳಗಿಂದ ಶಿಜು ಕೂಗಿದ. "ಹಲಗೆ ತೆಗೆದುಬಿಡ್ಲಾ ಸುಧಾಕರಣ್ಣ?"

"ಮುಟ್ಟಿದ್ರೆ ಜೋಕೆ!" ಸುಧಾಕರನ್ ಗದರಿದ. "ಹಲಗೆಗೆ ತಾಗದ ಹಾಗೆ ಪೈಪನ್ನ ಎರಡಡಿ ಮೇಲಕ್ಕೆತ್ತು."

ಆಮೇಲೆ ಅಣ್ಣನ ಕೈ ಹಿಡಿದುಕೊಂಡ. "ಭಾನುವಾರ ಒಲೆ ಮೇಲೆ ಹಾಲಿಡೋದು ನೀನು. ನೀನು ಬರೋವರೆಗೂ ಒಲೆ ಹಚ್ಚಲ್ಲ ಅಣ್ಣ."