ನನಗೂ ಅನುಮತಿಯಿಲ್ಲ

"ಮೇಲ್ ತೆಗಿ! ಇಲ್ಲಾಂದ್ರೆ ಬೆರಳು ಒಂದೊಂದಾಗಿ ಹೋಗುತ್ತೆ!"

ಚಾಕು ನನ್ನ ಕಿರುಬೆರಳ ಮೇಲಿತ್ತು. ಹಿಡಿದವನು ಬೋಳುತಲೆಯ ಧಾಂಡಿಗ. ಎದುರಿಗೆ ನನ್ನದೇ ಕಂಪ್ಯೂಟರ್.

ಅವನಿಗೆ ಬೇಕಾಗಿದ್ದದ್ದು ನನ್ನ ಅಕ್ಕ.

ಕೇಳಿ. ಅಕ್ಕ ಒಂದು ಕೊಲೆಯನ್ನು ಕಣ್ಣಾರೆ ಕಂಡವಳು. ಸಾಕ್ಷಿ ಹೇಳುವವರೆಗೂ ತಲೆಮರೆಸಿಕೊಂಡಿದ್ದಳು. ಜಾಗ ಬದಲಿಸಿದಾಗಲೆಲ್ಲ ನಮ್ಮ ಪತ್ತೇದಾರಿ ಆಫೀಸಿನ ಮೇಲ್ ಸರ್ವರ್‌ಗೆ ಬರೆಯುತ್ತಿದ್ದಳು. ಆ ಮೇಲ್ ತೆರೆಯಲು ಒಂದೇ ಟೂಲ್. ನನಗೆ ಅಂತ ಇದ್ದವಳೂ ಅವಳೊಬ್ಬಳೇ...

ಸ್ವಲ್ಪ ಮುಂಚೆ ಫೋನ್ ಬಂದಿತ್ತು. ಸರ್ವರ್ ನೋಡಿಕೊಳ್ಳುವ ಹೆಂಗಸು. ಆಫೀಸಿಗೆಲ್ಲ ಅವಳು ದೊಡ್ಡಮ್ಮ.

"ಎಂಥಾ ಎಡವಟ್ಟು ಗೊತ್ತೇನೋ? ಆ ಟೂಲ್‌ನ ಯಾರು ಬೇಕಾದ್ರೂ ಓಡಿಸೋ ಹಾಗೆ ಬಿಟ್ಟಿದ್ರು! ಯಾರು ಓಡಿಸಿದ್ರೂ ಅದು ಸರ್ವರ್ ಯಜಮಾನನ ಅಧಿಕಾರದಲ್ಲೇ ಎಲ್ಲ ಮೇಲ್ ತೆರೆದುಬಿಡುತ್ತೆ. ನಮ್ಮ ಆಫೀಸಿನ ಗುಮಾಸ್ತ ಈಗಷ್ಟೇ ಅದಕ್ಕೆ ಕೈಹಾಕಿದ್ದ!"

"ಅಯ್ಯೋ! ಓದಿದ್ನಾ?"

"ಇಲ್ಲ. ಬೆಳಿಗ್ಗೇನೇ ಪರ್ಮಿಶನ್ ಬಿಗಿ ಮಾಡಿದ್ದೆ. ಈಗ ನಮ್ಮಿಬ್ಬರ ಗ್ರೂಪ್‌ಗೆ ಮಾತ್ರ."

ಗುಮಾಸ್ತನನ್ನು ಕೊಲೆಗಾರನ ಕಡೆಯವರು ಕೊಂಡುಕೊಂಡಿದ್ದರು. ಆ ದಾರಿ ಮುಚ್ಚಿತು ಅಂದರೆ ಮುಂದಿನ ದಾರಿ ನಾನು!

ಕೆಳಗೆ ಕಾರು ನಿಂತಿತು. ಮೆಟ್ಟಿಲಲ್ಲಿ ಬೂಟಿನ ಸದ್ದು...

"ದೊಡ್ಡಮ್ಮ, ಆ ಗ್ರೂಪಿಂದ ನನ್ನ ಹೆಸರೂ ತೆಗಿ!"

"ಹುಚ್ಚಾ? ಅಕ್ಕನ ಮೇಲ್ ಬಂದು ಕೂತಿದೆ. ಓದ್ಕೊ, ಆಮೇಲೆ ತೆಗೀತೀನಿ."

ಕೈ ಕೀಬೋರ್ಡಿನ ಮೇಲೇ ಇತ್ತು. ಎಷ್ಟು ಆಸೆಯಾಯಿತು ಗೊತ್ತೇ! ಆದರೆ ನನ್ನನ್ನು ನಾನು ಬಲ್ಲೆ. ಓದಿದ್ದರೆ ಚಾಕುವಿನ ಎದುರು ಬಾಯಿಬಿಟ್ಟುಬಿಡುತ್ತಿದ್ದೆ.

"ಬೇಡ. ತೆಗಿ! ಪೊಲೀಸರಿಗೆ ಹೇಳು!"

ಹಿಂಬಾಗಿಲಿಗೆ ಓಡಿದೆ. ಅಲ್ಲಿ ಇನ್ನೊಬ್ಬ, ಪೀಚಲ! ಹೊಟ್ಟೆಗೆ ಗುದ್ದಿ ಎಳೆದುಕೊಂಡು ಬಂದು ಕುರ್ಚಿಗೆ ಕುಕ್ಕಿದ.

ಈಗ ಧಾಂಡಿಗನ ಚಾಕುವಿನ ಕೆಳಗೆ ಟೈಪ್ ಮಾಡಿದೆ. ಪರದೆ ಹೇಳಿತು: ಅನುಮತಿಯಿಲ್ಲ.

"ನಾಟಕಾನಾ?"

"ನೀನೇ ಒತ್ತಿ ನೋಡು."

ಒತ್ತಿದ. ಅನುಮತಿಯಿಲ್ಲ. ಧಾಂಡಿಗನ ಸಿಟ್ಟು ನೆತ್ತಿಗೇರಿತು. ನನ್ನ ಹಲ್ಲೊಂದು ಹೋಯಿತು. ಬೆರಳು ಹೋಗುವ ಮುಂಚೆ ಪೊಲೀಸರು ಬಾಗಿಲು ಒಡೆದರು.

ಫೋನಿನಲ್ಲಿ ದೊಡ್ಡಮ್ಮ ಅಳುತ್ತಿದ್ದಳು. "ಬದುಕಿದೀಯಲ್ಲ, ಸಾಕು! ನಿನ್ನ ಹೆಸರು ಮತ್ತೆ ಸೇರಿಸಲಾ?"

"ಅವಳು ಸಾಕ್ಷಿ ಹೇಳೋವರೆಗೂ ಬೇಡ. ಇವರ ಕಡೆಯವರು ಇನ್ನೂ ಹೊರಗಿದ್ದಾರೆ."

"ಅಲ್ಲೀವರೆಗೂ ಒಬ್ಬನೇ ಇರ್ತೀಯಾ?"

"ಇರ್ತೀನಿ." ಫೋನ್ ಇಟ್ಟೆ.

ಕೈಗೆ ಬೇಡಿ ಬಿದ್ದ ಧಾಂಡಿಗ ಬಾಗಿಲಲ್ಲಿ ತಿರುಗಿ ನಿಂತ. "ಆ ಮೇಲ್ ನಾನು ಓದೇ ಓದ್ತೀನಿ ಕಣೋ!"

ಬಾಯಿಯ ರಕ್ತ ಉಗಿದೆ.

"ಸಾಲಲ್ಲಿ ನಿಂತ್ಕೊ. ನಿನಗಿಂತ ಮುಂಚೆ ನಾನಿದೀನಿ."